ಸೀಲಪ್ಪನವರ ಕೆಂಪು ಸೀಲು

ನನ್ನ ಭಾವನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಸೀಲಪ್ಪ. ಹಳೇ ಕಾರುಗಳ ಡೈನಮೊ ರಿಪೇರಿ ಅವರ ಕಸುಬು. ಕೆಲಸ ಮುಗಿದ ಮೇಲೆ ಚಾರ್ಜಿಂಗ್ ಡಬ್ಬಿಯ ಮುಚ್ಚಳದ ಎರಡು ಸ್ಕ್ರೂಗಳ ತಲೆಗೆ ಕೆಂಪು ನೈಲ್ ಪಾಲಿಶ್ ಒಂದೊಂದು ತೊಟ್ಟು ಬಿಟ್ಟು, ಅದು ಒಣಗುವ ಮೊದಲೇ ಗುಂಡುಸೂಜಿಯಿಂದ ಅಡ್ಡಗೀಟು ಎಳೆಯುತ್ತಿದ್ದರು. ತಾವು ಮುಚ್ಚಿದ್ದನ್ನು ಇನ್ನೊಬ್ಬರು ಬಿಚ್ಚಿದರೆ ತಿಳಿಯಬೇಕಲ್ಲ, ಅದಕ್ಕೆ. ನೈಲ್ ಪಾಲಿಶ್ ಕೊಳ್ಳಲು ಅಂಗಡಿಗೆ ಹೋದರೂ ಶೀಶೆಯನ್ನು ಅಲ್ಲಾಡಿಸಿ, ಮೂಸಿ, ಇದನ್ನು ಮೊದಲೇ ಯಾರೋ ತೆರೆದಿದ್ದಾರೆ ಎಂದು ಜಗಳ ತೆಗೆಯುವ ಮನುಷ್ಯ.

ಮನೆಯಲ್ಲೂ ಹಾಗೇ. ಟೀಪುಡಿ ಡಬ್ಬಿಯ ಹೊರಗೆ ಪೆನ್ಸಿಲಿನ ಗೀಟು. ಗಡಿಯಾರ ಎರಡು ನಿಮಿಷ ಮುಂದಿದ್ದರೆ 'ಯಾರು ತಿರುಗಿಸಿದ್ದು?' ಎನ್ನುವ ವಿಚಾರಣೆ. ಪಕ್ಕದ ಮನೆಯ ಬೆಕ್ಕು ಎರಡು ದಿನ ನಮ್ಮ ಕಡೆ ಸುಳಿಯದಿದ್ದರೆ ಅದಕ್ಕೆ ಯಾರೋ ಚಾಡಿ ಹೇಳಿಕೊಟ್ಟಿದ್ದಾರೆ ಎಂದು ಭಾವ ನಿಜವಾಗಿ ನಂಬುತ್ತಿದ್ದರು. ಇಂಥವರ ಜೊತೆ ನನ್ನ ಅಕ್ಕ ಮೂವತ್ತು ವರ್ಷ ಸಂಸಾರ ಮಾಡಿದಳು, ನಾನು ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದೆ. ನಮ್ಮಿಬ್ಬರಲ್ಲಿ ಯಾರ ತಾಳ್ಮೆ ದೊಡ್ಡದು ಎಂದು ಕೇಳಿದರೆ, ಅಕ್ಕನದೇ. ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ.

ಶೆಡ್ಡು ಇರುವುದು ಅವರ ಮನೆಯ ಮುಂಭಾಗದಲ್ಲೇ. ಅಡುಗೆಮನೆಯಿಂದ ಒಂದು ಬಾಗಿಲು ನೇರವಾಗಿ ಶೆಡ್ಡಿಗೆ ತೆರೆಯುತ್ತದೆ. ಎಡಗಡೆ ಭಾವನ ಬೆಂಚು, ಮೀಟರುಗಳು, ತಂತಿಯ ಸುರುಳಿಗಳು. ಬಲಗಡೆ ನನ್ನ ಲೇತು. ಡೈನಮೊದ ಒಳಗೆ ತಾಮ್ರದ ಒಂದು ಉರುಳೆ ಇರುತ್ತದೆ, ಕಾರ್ಬನ್ ಬ್ರಷ್ಷುಗಳು ಅದರ ಮೇಲೆ ಉಜ್ಜುತ್ತಾ ಉಜ್ಜುತ್ತಾ ಗೀರು ಬೀಳುತ್ತದೆ. ಅದನ್ನು ಕೂದಲೆಳೆಯಷ್ಟು ಕೆರೆದು ನುಣ್ಣಗೆ ಮಾಡಿ ಕೊಡುವುದು ನನ್ನ ಕೆಲಸ. ನಾನು ಕೊಟ್ಟದ್ದನ್ನು ಭಾವ ಉಗುರಿನಿಂದ ಗೀರಿ ನೋಡಿ, ಹೂಂ ಎಂದೂ ಅನ್ನದೆ, ಉಹೂಂ ಎಂದೂ ಅನ್ನದೆ ತೆಗೆದುಕೊಳ್ಳುತ್ತಿದ್ದರು. ಅದೇ ಅವರ ಶಭಾಶ್‌ಗಿರಿ.

ಮುಂದಿನ ಕಥೆ ಅರ್ಥವಾಗಬೇಕಾದರೆ ಆ ಡಬ್ಬಿಯ ವಿಷಯ ಸ್ವಲ್ಪ ಹೇಳಬೇಕು. ಹಳೇ ಕಾರಿನಲ್ಲಿ ಎಂಜಿನ್ ಓಡಿದರೆ ಬೆಲ್ಟು ಡೈನಮೊವನ್ನು ತಿರುಗಿಸುತ್ತದೆ, ಡೈನಮೊ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಎರಡರ ನಡುವೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅದರೊಳಗೆ ಕಟೌಟ್ ಎನ್ನುವ ಭಾಗವಿದೆ. ಡೈನಮೊಗೆ ವೇಗ ಬಂದಾಗ ಅದರ ಎರಡು ಪಾಯಿಂಟುಗಳು ಟಕ್ ಎಂದು ಕೂಡಿಕೊಂಡು ಕರೆಂಟನ್ನು ಬ್ಯಾಟರಿಗೆ ಬಿಡುತ್ತವೆ. ಡ್ಯಾಶ್‌ಬೋರ್ಡಿನ ಪುಟ್ಟ ಕೆಂಪು ದೀಪ ಪೂರ್ತಿ ಆರಿದರೆ ಎಲ್ಲ ಸರಿ. ಮಂಕಾಗಿ ಉಳಿದುಕೊಂಡರೂ ಎಲ್ಲೋ ತಪ್ಪಿದೆ ಎಂದರ್ಥ.

ಡೈನಮೊ ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ಅಳೆಯುವಾಗ ಬ್ಯಾಟರಿಯ ಸಂಬಂಧ ಇರಬಾರದು. ಅದಕ್ಕೇ ಆ ಎರಡು ಪಾಯಿಂಟುಗಳ ನಡುವೆ ತೆಳ್ಳನೆಯ ಕಾಗದದ ಚೂರು ಸಿಕ್ಕಿಸಿ ಅಳೆಯುವುದು, ಅಳೆದ ಮೇಲೆ ಎಳೆದು ತೆಗೆಯುವುದು. ತೆಗೆಯಲು ಮರೆತರೆ ಪಾಯಿಂಟುಗಳು ಕೂಡುವುದೇ ಇಲ್ಲ, ಕಾರು ಎಷ್ಟು ಓಡಿದರೂ ಬ್ಯಾಟರಿ ಬರಿದಾಗುತ್ತಾ ಹೋಗುತ್ತದೆ. ಭಾವ ಇದಕ್ಕೆ ಗೋಡೆಯ ಮೇಲಿನ ದಿನದ ಕ್ಯಾಲೆಂಡರಿನ ಹಾಳೆಯನ್ನೇ ಹರಿಯುತ್ತಿದ್ದರು. ಬೇರೆ ಯಾವ ಕಾಗದದ ದಪ್ಪದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ.

ಶೆಡ್ಡಿನಲ್ಲಿ ಇನ್ನೊಂದು ಕಟ್ಟಾಜ್ಞೆ ಇತ್ತು. ಬ್ಯಾಟರಿ ಜೋಡಿಸಿದ ಡಬ್ಬಿಗೆ ಕೈ ಹಾಕುವ ಮೊದಲು ಉಂಗುರ ತೆಗೆದು ಬೆಂಚಿನ ಮೂಲೆಯ ಹಿತ್ತಾಳೆ ಬಟ್ಟಲಿಗೆ ಹಾಕಬೇಕು. ಪ್ರಾಯದಲ್ಲಿ ಒಮ್ಮೆ ಭಾವನ ಉಂಗುರ ತಂತಿಗೂ ಬಾಡಿಗೂ ಒಟ್ಟಿಗೆ ತಗುಲಿ, ಕೆಂಡವಾಗಿ, ಬೆರಳನ್ನೇ ಸುಟ್ಟಿತ್ತು. ಆ ಬಿಳಿ ಕಲೆ ಈಗಲೂ ಇದೆ. ಅಂದಿನಿಂದ ಅವರು ಉಂಗುರ ಹಾಕಲಿಲ್ಲ. ನನಗಂತೂ ಲೇತಿನ ಮುಂದೆ ಉಂಗುರದ ಶೋಕಿ ಇಲ್ಲವೇ ಇಲ್ಲ. ಹಾಗಾಗಿ ಬಟ್ಟಲು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಮೊದಮೊದಲು, ಆಳು ಇಟ್ಟುಕೊಳ್ಳಲು ಆಗದ ಕಾಲದಲ್ಲಿ, ಅಕ್ಕನೇ ಕಾಯಿಲ್ ಸುತ್ತಿ ಟೇಪು ಸುತ್ತಿ ವಾರ್ನಿಷ್ ಹಚ್ಚಿ ಕೊಡುತ್ತಿದ್ದಳಂತೆ. ಪಾಯಿಂಟು ಉಜ್ಜುವುದನ್ನೂ ಭಾವನೇ ಕಲಿಸಿದ್ದರಂತೆ. ನಾನು ಬಂದ ಮೇಲೆ ಟೀ ಕೊಡಲಲ್ಲದೆ ಅವಳು ಅಡುಗೆಮನೆಯ ಬಾಗಿಲು ದಾಟಿದ್ದನ್ನು ನಾನು ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ಭಾವನ ಅನುಮಾನ ಹೊಸ ದಾರಿ ಹಿಡಿಯಿತು. ಒಂದು ದಿನ ಸೀಲಿನ ಮೇಲೆ ಹೆಬ್ಬೆರಳಾಡಿಸಿ, "ಇದು ನನ್ನ ಸೀಲಲ್ಲ," ಅಂದರು.

"ಮತ್ತಿನ್ಯಾರದು ಭಾವ? ಕೆಂಪಗಿದೆ, ಗೀಟಿದೆ."

"ದಪ್ಪ ಇದೆ. ನಾನು ಇಷ್ಟು ದಪ್ಪ ಹಾಕಲ್ಲ. ಯಾರೋ ಬಿಚ್ಚಿ, ನನ್ನ ಹಾಗೇ ನಕಲು ಮಾಡಿ ಹಾಕಿದಾರೆ."

ನಾನು ನಕ್ಕುಬಿಟ್ಟೆ. ಒಂದು ತೊಟ್ಟು ನೈಲ್ ಪಾಲಿಶ್ಶನ್ನು ಖೋಟಾ ಮಾಡಲು ಯಾವ ಮೂರ್ಖ ಕಾದು ಕೂತಿದ್ದಾನೆ! ಆದರೆ ಅವರು ನಗಲಿಲ್ಲ. ಅಂದಿನಿಂದ ನನ್ನ ಕೈಗಳನ್ನು, ಮುಖ್ಯವಾಗಿ ಉಗುರುಗಳನ್ನು, ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಅದಕ್ಕೆ ಕಾರಣವೂ ಇತ್ತು. ಅದೇ ಸುಮಾರಿಗೆ ನಾನು ಬಾಯಿ ತಪ್ಪಿ ಒಂದು ಮಾತು ಆಡಿದ್ದೆ: ಈ ಡೈನಮೊ ಗೋಳು ಸಾಕು, ಹಳೇ ಕಾರಿಗೆಲ್ಲ ಅದರ ಬದಲು ಹೊಸ ಕಾಲದ ಆಲ್ಟರ್ನೇಟರ್ ಕೂರಿಸಿಬಿಡೋಣ, ಅದಕ್ಕೆ ಬೇಕಾದ ಬ್ರಾಕೆಟ್ಟನ್ನು ನಾನೇ ಲೇತಿನಲ್ಲಿ ಮಾಡುತ್ತೇನೆ ಎಂದು. ಭಾವನ ತಲೆಯಲ್ಲಿ ಹುಳ ಹೊಕ್ಕಿತು. ಮೈದುನ ತನ್ನ ಡೈನಮೊಗಳನ್ನು ಬೇಕೆಂದೇ ಕೆಡಿಸಿ, ತನ್ನ ಹೆಸರು ಹಾಳುಮಾಡಿ, ಶೆಡ್ಡನ್ನು ನುಂಗಲು ಹೊಂಚು ಹಾಕಿದ್ದಾನೆ!

ಇದೇ ವೇಳೆಗೆ ಅಕ್ಕ ಅವರನ್ನು ಒಂದು ಸಲ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂದರಂತೆ. ಭಾವ ಅರ್ಧಕ್ಕೇ ಎದ್ದು ಬಂದರು. "ಬೋರ್ಡಿನ ಅಕ್ಷರ ಬೇಕಂತಲೇ ಮಂಕಾಗಿ ಪ್ರಿಂಟ್ ಮಾಡಿಸಿದಾನೆ," ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ.

ವಿಷಯ ಕೈಮೀರಿದ್ದು ಟೀಚರಮ್ಮನ ಕಾರಿನಿಂದ. ಅವರು ನಿವೃತ್ತ ಲೆಕ್ಕದ ಮೇಷ್ಟ್ರು. ತೀರಿಕೊಂಡ ಗಂಡ ಬಿಟ್ಟುಹೋದ ಬೂದು ಬಣ್ಣದ ಹಳೇ ಕಾರನ್ನು ತಾವೇ ಓಡಿಸುತ್ತಾರೆ. ಇಬ್ಬರು ಮೆಕ್ಯಾನಿಕ್ಕುಗಳು ಡೈನಮೊ ಕಿತ್ತೆಸೆಯಿರಿ ಅಂದಿದ್ದಕ್ಕೆ, "ನಮ್ಮ ಮನೆಯವರು ಹೇಗೆ ಬಿಟ್ಟಿದ್ದರೋ ಹಾಗೇ ಓಡಬೇಕು," ಎಂದು ನಮ್ಮಲ್ಲಿಗೆ ತಂದಿದ್ದರು. ನಾನು ಉರುಳೆ ಕೆರೆದೆ, ಭಾವ ಬ್ರಷ್ ಬದಲಿಸಿದರು, ಡಬ್ಬಿಯ ಪಾಯಿಂಟು ಉಜ್ಜಿದರು, ವೋಲ್ಟ್ ಅಳೆದರು, ಸೀಲು ಹಾಕಿದರು. ಮಂಗಳವಾರ ಹೋದ ಕಾರು ಶುಕ್ರವಾರ ಹಾಲಿನ ವ್ಯಾನಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ವಾಪಸ್ಸು ಬಂತು. ಬ್ಯಾಟರಿ ಸತ್ತಿತ್ತು.

ಭಾವ ಸೀಲು ಒಡೆದು ಮುಚ್ಚಳ ತೆಗೆದರು. ಪಕ್ಕದಲ್ಲಿ ನಾನಿದ್ದೆ, ಟೀಚರಮ್ಮ ಇದ್ದರು. ಕಟೌಟಿನ ಪಾಯಿಂಟುಗಳ ನಡುವೆ ಕಾಗದದ ಚೂರು ಹಾಗೇ ಕೂತಿತ್ತು. ಭಾವ ಅದನ್ನು ಎಳೆದು ಕೈ ಚಾಚಿ ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು, ಕೊನೆಗೆ ನನ್ನ ಮೂಗಿನ ಕೆಳಗೆ ಚಾಚಿದರು.

"ಯಾವ ತಾರೀಖು ಓದು."

ಓದಿದೆ. ಮಂಗಳವಾರದ್ದೇ.

"ಅಂದ್ರೆ ನೀವೇ ಮರೆತಿದ್ದೀರಿ ಭಾವ. ಸೀಲೂ ನಿಮ್ಮದೇ ಇತ್ತಲ್ಲ?"

"ಮೂವತ್ತು ವರ್ಷದಲ್ಲಿ ಒಂದು ಕಾಗದ ಮರೆತಿಲ್ಲ ನಾನು! ಕ್ಯಾಲೆಂಡರು ಗೋಡೆ ಮೇಲಿದೆ, ಯಾರು ಬೇಕಾದ್ರೂ ಹರೀಬಹುದು. ಸೀಲು ನಕಲು ಮಾಡೋ ಕೈ ಈ ಶೆಡ್ಡಲ್ಲೇ ಇದೆ." ಟೀಚರಮ್ಮನ ಕಡೆ ತಿರುಗಿ, "ನೋಡಿ ಅಮ್ಮ, ಮನೆಯವನು ಅಂತ ಜಾಗ ಕೊಟ್ಟೆ. ನಿಮ್ಮ ಕಾರು ಕೆಡಿಸಿದ್ದು ಈ ಲೇತಿನವನು," ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಟೀಚರಮ್ಮ ನನ್ನನ್ನು ಒಮ್ಮೆ ನೋಡಿ ದೃಷ್ಟಿ ತೆಗೆದರು, ಕಾಪಿ ಹೊಡೆದ ಹುಡುಗನನ್ನು ನೋಡಿದ ಹಾಗೆ. ಇಪ್ಪತ್ತು ವರ್ಷ ಕೈ ಕಪ್ಪು ಮಾಡಿಕೊಂಡು ಸಂಪಾದಿಸಿದ್ದು ನಾಲ್ಕು ಜನರ ಮುಂದೆ ಒಂದು ಒಳ್ಳೆಯ ಹೆಸರು, ಅಷ್ಟೆ. ಅದನ್ನು ಈ ಮನುಷ್ಯ ಒಂದು ಕಾಗದದ ಚೂರಿನಿಂದ ಒರೆಸಿಹಾಕಿದರು. ನಾನು ಸ್ಪ್ಯಾನರ್ ತೆಗೆದುಕೊಂಡು ಹೋಗಿ ಲೇತಿನ ಕಾಲಿನ ಬೋಲ್ಟ್ ಬಿಚ್ಚತೊಡಗಿದೆ. ನನ್ನ ತಲೆಯಲ್ಲೂ ಆಗ ಒಂದು ಹುಳ ಹೊಕ್ಕಿತ್ತೆಂದು ಒಪ್ಪಿಕೊಳ್ಳುತ್ತೇನೆ. ನನ್ನನ್ನು ಓಡಿಸಲು ಭಾವನೇ ಬೇಕೆಂದು ಕಾಗದ ಬಿಟ್ಟು ನಾಟಕ ಆಡುತ್ತಿದ್ದಾರೆ ಅನ್ನಿಸಿತು.

ಅಕ್ಕ ವಾರವೆಲ್ಲ ಊರಲ್ಲಿರಲಿಲ್ಲ. ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಹೋಗಿದ್ದವಳು ಆ ಸಂಜೆ ಬಂದಳು. ನಾನು ಒಂದೇ ಉಸಿರಿನಲ್ಲಿ ಎಲ್ಲ ಕಕ್ಕಿದೆ.

"ಯಾವತ್ತು ಸೀಲ್ ಹಾಕಿದ್ದು?" ಎಂದು ಕೇಳಿದಳು.

"ಮಂಗಳವಾರ. ಯಾಕೆ?"

"ಅಯ್ಯೋ, ಮಂಗಳವಾರ ನಾನಿರಲಿಲ್ಲ," ಅಂದಳು, ಮೆಲ್ಲಗೆ. ಅವಳಿದ್ದರೇನು, ಬಿಟ್ಟರೇನು? ನನಗೆ ವಿಚಿತ್ರವೆನಿಸಿತು. "ಲೇತು ಬಿಚ್ಚಬೇಡ ಕಣೋ. ನಾಲ್ಕು ದಿನ ತಡಿ," ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಹೆಬ್ಬೆರಳಿನ ಉಗುರಿನ ಮೂಲೆಯಲ್ಲಿ ಹಳೆಯದೊಂದು ಕೆಂಪು ಚುಕ್ಕೆ ಕಂಡಿತು. ಈ ವಯಸ್ಸಿನಲ್ಲಿ ಅಕ್ಕನಿಗೆ ಅಲಂಕಾರದ ಹುಚ್ಚು ಹಿಡಿಯಿತೇ ಎಂದುಕೊಂಡೆ. ಅನುಮಾನ ಅಂಟುರೋಗ. ಅಂದು ನಾನು ಆ ಮನೆಯ ಇಬ್ಬರ ಮೇಲೂ, ಬೆಕ್ಕಿನ ಮೇಲೂ ಅನುಮಾನಪಟ್ಟೆ.

ಮರುದಿನ ಬೆಳಿಗ್ಗೆ ಭಾವನ ಎದುರು ನಿಂತು ಹೇಳಿದೆ: "ಈವತ್ತು ನೀವು ಟೀಚರಮ್ಮನ ಡಬ್ಬಿ ಹೊಸದಾಗಿ ಸೆಟ್ ಮಾಡಿ, ಸೀಲ್ ಹಾಕಿ. ಆಮೇಲೆ ನಾವಿಬ್ಬರೂ ಅಂಟಿಕೊಂಡೇ ಕೂತು ಕಾಯೋಣ. ನಾನು ನಿಮ್ಮ ಪಕ್ಕದಲ್ಲಿದ್ದಾಗಲೂ ಸೀಲು ಒಡೆದ್ರೆ ನಾನಲ್ಲ ಅಂತಾಯ್ತು. ಯಾರೂ ಬರಲಿಲ್ಲ ಅಂದ್ರೆ ನಾನೇ ಲೇತು ಎತ್ಕೊಂಡು ಹೋಗ್ತೀನಿ."

ಇದರಲ್ಲೇನು ಮೋಸವಿದೆ ಎಂದು ಭಾವ ಟೀ ಮುಗಿಯುವವರೆಗೂ ಯೋಚಿಸಿದರು. ಸಿಗಲಿಲ್ಲ. ಒಪ್ಪಿದರು.

ರಾತ್ರಿಯೆಲ್ಲ ಚಾರ್ಜಿಗಿಟ್ಟ ಬ್ಯಾಟರಿ ಜೋಡಿಸಿ, ಸೆಟ್ಟಿಂಗ್ ಮುಗಿಸಿ, ಕ್ಯಾಲೆಂಡರಿನ ಕಾಗದವನ್ನು ನನ್ನ ಕಣ್ಣೆದುರೇ ಎಳೆದು ನೆಲಕ್ಕೆ ಹಾಕಿ, ಸೀಲು ಒತ್ತಿದರು. ನಾನು ಸಿಟ್ಟಿನಲ್ಲಿದ್ದೆ, ಸರಿಯಾಗಿ ನೋಡಲಿಲ್ಲ. ಮಧ್ಯಾಹ್ನ ಊಟ ಮಾಡಿ, ಭಾವ ದಿನದಂತೆ ಒಂದು ಗಂಟೆ ಮಲಗುವುದಾಗಿ ಅಕ್ಕನಿಗೆ ಕೇಳುವಂತೆ ಹೇಳಿ ಕೋಣೆಗೆ ಹೋದರು. ನಾನು ಹಿತ್ತಾಳೆ ಕಡ್ಡಿ ತರುತ್ತೇನೆಂದು ಹೊರಟೆ. ಇಬ್ಬರೂ ಹಿಂದಿನ ಓಣಿಯಿಂದ ಸುತ್ತಿ ಬಂದು, ಶೆಡ್ಡಿನ ಮೂಲೆಯಲ್ಲಿ ಎಂಜಿನ್ ಇಲ್ಲದೆ ನಿಂತಿದ್ದ ವ್ಯಾನಿನೊಳಗೆ ತೂರಿಕೊಂಡೆವು. ಸೀಟಿರಲಿಲ್ಲ. ಐವತ್ತೆಂಟರ ಭಾವ, ನಲವತ್ತೈದರ ನಾನು, ಮೊಣಕಾಲಿಗೆ ಗಲ್ಲ ಹಚ್ಚಿ ಕೂತೆವು. ಗಾಜಿನ ಧೂಳಿನಲ್ಲಿ ಇಬ್ಬರಿಗೂ ಒಂದೊಂದು ಕಿಂಡಿ ಒರೆಸಿದೆ. ಟೀಚರಮ್ಮನ ಕಾರು ಹದಿನೈದು ಅಡಿ ದೂರದಲ್ಲಿ, ತಗಡಿನ ಸೂರಿನ ತೂತಿನಿಂದ ಬಿದ್ದ ಬಿಸಿಲಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿತ್ತು.

ಕಾಲು ಗಂಟೆ ಕಳೆಯಿತು. ಅಡುಗೆಮನೆಯ ಬಾಗಿಲು ಸದ್ದಿಲ್ಲದೆ ತೆರೆಯಿತು.

ಅಕ್ಕ ಬಂದಳು. ಚಪ್ಪಲಿ ಇಲ್ಲದ ಕಾಲು. ನಾಲ್ಕು ವರ್ಷದಿಂದ ದಿನ ಬಿಟ್ಟು ದಿನ ಉಡುವ ಅದೇ ಹಸಿರು ಸೀರೆ. ಒಂದು ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ನೈಲ್ ಪಾಲಿಶ್ ಶೀಶೆ. ಒಡಹುಟ್ಟಿದವಳೇ ನನ್ನ ಕುತ್ತಿಗೆ ಕೊಯ್ದಳೇ ಎಂದು ಭಾವನ ಕಡೆ ತಿರುಗಿದೆ. ಅವರೀಗ ಕೂಗಾಡುತ್ತಾರೆ ಎಂದುಕೊಂಡೆ.

ಭಾವ ಕಿಂಡಿಗೆ ಕಣ್ಣು ಒತ್ತಿ ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಬಂದ ನೋಡು. ನಾನು ಹೇಳಲಿಲ್ವಾ? ಯಾರವನು? ಉದ್ದಕ್ಕಿದಾನೆ. ನಿನಗೆ ಗುರುತು ಸಿಗುತ್ತಾ?"

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ತಮಾಷೆ ಗೊತ್ತೂ ಇಲ್ಲ. ಹದಿನೈದು ಅಡಿ ದೂರದಲ್ಲಿ, ಹಾಡಹಗಲಲ್ಲಿ, ಆ ಮನುಷ್ಯನಿಗೆ ತನ್ನ ಹೆಂಡತಿ ಕಾಣುತ್ತಿರಲಿಲ್ಲ. ಯಾವುದೋ ಒಂದು ಉದ್ದನೆಯ ನೆರಳು ಕಾಣುತ್ತಿತ್ತು. ಹಾಗಾದರೆ ಸೂಜಿಯ ಮೊನೆಯಷ್ಟಿರುವ ಪಾಯಿಂಟು? ಅದರ ನಡುವಿನ ಕಾಗದ? ಮಂಕಾಗಿ ಉರಿಯುವ ಕೆಂಪು ದೀಪ? ಅವರು ಇಷ್ಟು ದಿನ ಕೆಲಸ ಮಾಡುತ್ತಿದ್ದುದು ಬೆರಳಿನಿಂದ, ಅಭ್ಯಾಸದಿಂದ, ಮೊಂಡುತನದಿಂದ. ನನ್ನ ಸಿಟ್ಟು ಇಳಿದುಹೋಯಿತು. ಅದರ ಜಾಗದಲ್ಲಿ ಬಂದದ್ದು ನಾಚಿಕೆ.

"ಯಾರೋ, ಹೇಳೋ," ಎಂದು ಮೊಣಕೈಯಿಂದ ತಿವಿದರು.

'ಅಕ್ಕ' ಎಂದರೆ ನನ್ನ ಹೆಸರು ತೊಳೆದುಹೋಗುತ್ತದೆ, ಆದರೆ ಅಕ್ಕನ ಬಾಳು? ಯಾರೂ ಇಲ್ಲ ಎಂದರೆ ನಾಳೆ ಲೇತು ಎತ್ತಬೇಕು. ಅಷ್ಟರಲ್ಲಿ ಅಕ್ಕ ಬೆಂಚಿನ ಹತ್ತಿರ ಹೋದಳು. ಬೆರಳಿನಿಂದ ಏನನ್ನೋ ತಿರುಗಿಸಿ ತೆಗೆದು ಕೈಬಿಟ್ಟಳು.

ಹಿತ್ತಾಳೆ ಬಟ್ಟಲು ಟಿಣ್ ಎಂದಿತು.

ಭಾವನ ಮೊಣಕೈ ನನ್ನ ಪಕ್ಕೆಯ ಮೇಲೆ ಹಾಗೇ ನಿಂತುಬಿಟ್ಟಿತು. ಆ ಬಟ್ಟಲಿಗೆ ಹಾಕಲು ಆ ಮನೆಯಲ್ಲಿ ಉಂಗುರವಿದ್ದುದು ಒಬ್ಬಳ ಬೆರಳಿನಲ್ಲೇ. ಆ ಅಭ್ಯಾಸ ಕಲಿಸಿದವರೂ ಅವರೇ. ಅವರು ಮತ್ತೆ 'ಯಾರು' ಎಂದು ಕೇಳಲಿಲ್ಲ. ಕಿಂಡಿಯಿಂದ ಮುಖ ತೆಗೆದು, ಬರೀ ಕಿವಿಗೊಟ್ಟು ಕೂತರು. ಸ್ಕ್ರೂ ತಿರುಗುವ ಸದ್ದು, ಮುಚ್ಚಳ ತೆಗೆದ ಸದ್ದು, ಕಾಗದದ ಸಣ್ಣ ಪರಪರ. ಬೆಳಿಗ್ಗೆ ಭಾವ ಎಳೆದದ್ದು ಅರ್ಧ ಮಾತ್ರ, ಹರಿದ ಇನ್ನರ್ಧ ಒಳಗೇ ಉಳಿದಿತ್ತು. ಅಕ್ಕ ಪಾಯಿಂಟುಗಳ ನಡುವೆ ಎರಡು ಸಲ ಊದಿದಳು. ಭಾವ ಕಲಿಸಿದ್ದೇ ಎರಡು ಸಲ.

ನನಗೆ ಧೂಳಿನಿಂದ ಕೆಮ್ಮು ಬಂತು. ಭಾವ ತಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಕೆಮ್ಮಬೇಡ," ಎಂದು ಪಿಸುಗುಟ್ಟಿದರು. "ಅವಳು ಮುಗಿಸಲಿ."

ಅವಳು ಒಳಗೆ ಹೋದ ಮೇಲೂ ಅವರು ವ್ಯಾನಿನಿಂದ ಇಳಿಯಲಿಲ್ಲ. ನಾನೊಬ್ಬನೇ ಅಡುಗೆಮನೆಗೆ ಹೋದೆ. ಅಕ್ಕ ಸೀಮೆಎಣ್ಣೆಯಲ್ಲಿ ಬೆರಳು ಉಜ್ಜಿಕೊಳ್ಳುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಕಪಾಟಿನ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದು ತೋರಿಸಿದಳು. ಒಳಗೆ ಕ್ಯಾಲೆಂಡರಿನ ಚೂರುಗಳು, ಎರಡು ವರ್ಷದ ತಾರೀಖುಗಳು.

"ಟೀ ಕೊಡೋಕೆ ಹೋದಾಗ ಒಂದಿನ ದೀಪ ಮಂಕಾಗಿ ಉರೀತಿತ್ತು. ಇವರು ಆರಿದೆ ಅಂದ್ರು. ಅವತ್ತಿನಿಂದ ಇವರು ಮಲಗಿ ನೀನೂ ಹೊರಗೆ ಹೋದಾಗೆಲ್ಲ ಬಿಚ್ಚಿ ನೋಡ್ತಿದೀನಿ."

"ಅವರಿಗೆ ಹೇಳಬಾರದಿತ್ತಾ? ನನಗಾದ್ರೂ?"

"ಅವರಿಗೆ ಹೇಳಿದ್ರೆ ನನಗೂ ಕಣ್ಣಿನ ಡಾಕ್ಟರಿಗೂ ಒಳಸಂಚು ಅಂತಿದ್ರು. ನಿನಗೆ ಹೇಳಿದ್ರೆ ಕೋಪ ಬಂದಾಗ ಅವರ ಮುಖಕ್ಕೇ ಎಸೀತಿದ್ದೆ. ಅವರಿಗೆ ಇರೋದು ಅದೊಂದೇ ಕಣೋ, ಆ ಕೆಲಸ." ಅವಳ ಕಣ್ಣು ತುಂಬಿತು. "ನಿನ್ನ ತಲೆಗೆ ಕಟ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ."

ಕೋಪ ಬಂದರೆ ಎಸೆಯುತ್ತಿದ್ದೆ ಎನ್ನುವುದು ನೂರಕ್ಕೆ ನೂರು ನಿಜವಾಗಿತ್ತು. ಆ ರಾತ್ರಿಯ ಊಟದಲ್ಲಿ ಭಾವ ಸಾರಿನಲ್ಲಿ ಉಪ್ಪು ಜಾಸ್ತಿಯಾದದ್ದಕ್ಕೂ ಯಾರ ಮೇಲೂ ಗುಮಾನಿ ಪಡಲಿಲ್ಲ.

ಬೆಳಿಗ್ಗೆ ಟೀಚರಮ್ಮ ಬಂದರು. ನನ್ನ ಕಡೆ ನೋಡಲಿಲ್ಲ. ಭಾವ ಕಾರಿನ ಸೀಲಿನ ಮೇಲೆ ಹೆಬ್ಬೆರಳಾಡಿಸಿದರು. ದಪ್ಪ ಸೀಲು. ಒಂದು ಗಳಿಗೆ ಬೆರಳು ಅಲ್ಲೇ ಇತ್ತು.

"ಅಮ್ಮ," ಅಂದರು, "ಮೊನ್ನೆ ಆ ಕಾಗದ ಒಳಗೆ ಬಿಟ್ಟಿದ್ದು ನಾನು. ನನ್ನ ಕಣ್ಣು ಸರಿಯಿಲ್ಲ. ಈ ಲೇತಿನವನದು ಏನೂ ತಪ್ಪಿಲ್ಲ. ಬಾಯಿಗೆ ಬಂದಹಾಗೆ ಅಂದುಬಿಟ್ಟೆ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಟೀ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ಅಲ್ಲೇ ಹೊಸ್ತಿಲ ಮೇಲಿಟ್ಟಳು. ಟೀಚರಮ್ಮ ನನ್ನ ಕಡೆ ತಿರುಗಿ, ಮೇಷ್ಟ್ರಿಗೆ ಕಷ್ಟವಾಗುವ ಕೆಲಸವೊಂದನ್ನು ಮಾಡಿದರು. "ನಾನೂ ತಪ್ಪು ತಿಳ್ಕೊಂಡೆ ಕಣಪ್ಪ," ಅಂದರು.

ಏನಾದರೂ ಅಂದರೆ ಅತ್ತುಬಿಡುತ್ತೇನೆಂದು ಕಾರಿನೊಳಗೆ ಕೂತು ಕೀ ತಿರುಗಿಸಿದೆ. ಎಂಜಿನ್ ಸ್ಟಾರ್ಟ್ ಆಯಿತು. ಹಿಂದೆಲ್ಲ ಈ ಹೊತ್ತಿಗೆ ಭಾವ ನನ್ನನ್ನು ಭುಜದಿಂದ ನೂಕಿ, ತಾವೇ ತಲೆ ಒಳಗೆ ಹಾಕಿ ದೀಪ ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಆ ದೀಪದ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿದವರಲ್ಲ. ಅಂದು ಬಾನೆಟ್ಟಿನ ಪಕ್ಕದಿಂದ ಕದಲಲಿಲ್ಲ.

"ದೀಪ ಆರಿತಾ ನೋಡೋ," ಅಂದರು.

ನಾನು ಬಗ್ಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. "ಆರಿದೆ ಭಾವ."

"ಪೂರ್ತಿನಾ?"

"ಪೂರ್ತಿ."

ಅವರು ತಲೆಯಾಡಿಸಿ ಬಾನೆಟ್ ಮುಚ್ಚಿದರು.